ಶಿಕ್ಕಾ ಇಲ್ಲದ ಬೊಡ್ಡೆ

ಕಟ್ಟಿಗೆಯ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಮನೆಯವರಿಗೆಲ್ಲ ಇದು ಗೊತ್ತು. ಟೀವಿಯಲ್ಲಿ ಯಾರಾದರೂ ಇಸ್ತ್ರಿ ಅಂಗಿಯವರು ಕಾಡಿನ ಬಗ್ಗೆ ಮಾತಾಡಲು ಕೂತರೆ ಮೊಮ್ಮಕ್ಕಳು ಬೇಕೆಂದೇ ದನಿ ಜಾಸ್ತಿ ಮಾಡಿ, "ಆಯೀ, ನಿನ್ನ ದೋಸ್ತರು ಬಂದ್ರು ನೋಡ" ಎಂದು ಕೆಣಕುತ್ತಾರೆ. ನಾನು ಟೀವಿಗೆ ಬೆನ್ನು ಮಾಡಿ ಕೂತು ಕಾಳು ಆರಿಸುತ್ತೇನೆ. ಕಾಡು ಉಳಿಯಬಾರದು ಎಂದು ನಾನು ಹೇಳುವವಳಲ್ಲ. ಆದರೆ ಕಾಡು ಹಾಳು ಮಾಡಿದವರು ಕೊಡಲಿ ಹಿಡಿದವರು ಎಂದು ಇವರು ಅಷ್ಟು ಸಲೀಸಾಗಿ ಹೇಳುವಾಗ, ಕೊಡಲಿ ಹಿಡಿದ ಒಬ್ಬ ಮನುಷ್ಯ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಒಂದು ಮೊಳ ಕಟ್ಟಿಗೆ ಸುಮ್ಮನೆ ಹಾಳಾದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನು ನನ್ನಪ್ಪ. ಕಟ್ಟಿಗೆ ಉಳಿಸಿದ ತಪ್ಪಿಗೆ ಅವನ ಮೇಲೆ ಕಟ್ಟಿಗೆ ಕದ್ದ ಕೇಸು ಬಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಊರು ಖಾನಾಪುರದಿಂದ ಹಲಸಿಯ ಕಡೆಗೆ ಹೋಗುವ ದಾರಿ ಬಿಟ್ಟು ಒಳಗೆ. ಊರಿನ ಹೆಸರು ಹೇಳುವುದಿಲ್ಲ, ಕೇಸು ಹಾಕಿದ ಅರಣ್ಯ ಇಲಾಖೆಯ ಕಚೇರಿ ಯಾವುದೆಂದೂ ಹೇಳುವುದಿಲ್ಲ. ಅಲ್ಲಿನ ಸಾಹೇಬ ಪೆನ್ಶನ್ ತಿಂದು ಯಾವಾಗಲೋ ಸತ್ತಿರಬಹುದು, ಸತ್ತವನ ಜೊತೆ ನನಗೇನು ಜಗಳ. ಮಳೆಗಾಲದಲ್ಲಿ ನಮಗೆ ಭತ್ತ, ಮಳೆ ನಿಂತರೆ ಕಾಡಿನ ಕೆಲಸ. ದೀಪಾವಳಿ ಮುಗಿಸಿ ಗಂಡಸರು ಕೊಡಲಿ, ಗರಗಸ ಹೊತ್ತು ಹೊರಟರೆ ಯುಗಾದಿಯ ತನಕ ಕಾಡೇ ಮನೆ. ಹತ್ತು ಮಂದಿಯ ಒಂದು ಗ್ಯಾಂಗು. ಅಪ್ಪ ಅದರ ಮುಕಾದಮ, ಅಂದರೆ ಕೆಲಸ ಹಿಡಿಯುವವನು, ಪಗಾರ ಹಂಚುವವನು, ಎಲ್ಲರ ಪರವಾಗಿ ಬೈಸಿಕೊಳ್ಳುವವನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಖಾನಾಪುರದ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿದ್ದೆ, ಹತ್ತೊಂಬತ್ತು ವರ್ಷ. ಗ್ಯಾಂಗಿಗೆ ಬರುವ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ದೊಡ್ಡ ಸಾಹುಕಾರ್ತಿಯ ಹಾಗೆ ಜಂಬ ನನಗೆ.

ಮೊದಲು ಕಡಿತದ ಕೆಲಸವನ್ನು ಗುತ್ತಿಗೆದಾರರು ಹಿಡಿಯುತ್ತಿದ್ದರು. ಅವರೇನು ಪುಣ್ಯಾತ್ಮರಲ್ಲ, ಅಳತೆಯಲ್ಲಿ ತಿನ್ನುತ್ತಿದ್ದರು. ಆದರೆ ಸಂತೆಯ ದಿನ ಕೈಗೆ ರೊಕ್ಕ ಹಾಕುತ್ತಿದ್ದರು. ಹಾಕದಿದ್ದರೆ ಅವರ ಮನೆಯ ಕಟ್ಟೆಯ ಮೇಲೆ ಹೋಗಿ ಕೂರಬಹುದಿತ್ತು. ಆಮೇಲೆ ಗುತ್ತಿಗೆ ನಿಂತು ಕಚೇರಿಯವರೇ ಕಡಿಸತೊಡಗಿದರು. ನಡುವಿನವರ ಕಾಟ ತಪ್ಪಿತು ಎಂದು ಎಲ್ಲರಿಗೂ ಖುಷಿ. ಕಾಟ ತಪ್ಪಿದ್ದು ಖರೆ, ಜೊತೆಗೆ ಸಂತೆಯ ದಿನದ ರೊಕ್ಕವೂ ತಪ್ಪಿತು. ಮರ ಕಡಿದು, ಟೊಂಗೆ ಸವರಿ, ಕೋಣ ಕಟ್ಟಿ ಎಳೆಸಿ ಲಾರಿಯ ದಾರಿಗೆ ತರಬೇಕು. ದಿಮ್ಮಿ ಖಾನಾಪುರದ ಡಿಪೋ ಸೇರಿ ಅಳತೆಯಾಗಬೇಕು. ಕೊನೆಗೆ ಮರ ಹೋಗಿ ಕಾಡಿನಲ್ಲಿ ಉಳಿದ ಬುಡದ ಬೊಡ್ಡೆಗಳನ್ನು ಒಂದೊಂದಾಗಿ ನೋಡಿ, ಎಲ್ಲ ಸರಿ ಇದೆ ಎಂದು ಸಾಹೇಬ ಸಹಿ ಹಾಕಬೇಕು. ಆಗ ಬಿಲ್ಲು. ಅಲ್ಲಿಯ ತನಕ ಅಕ್ಕಿಗೆ ಎಂದು ಅಷ್ಟಿಷ್ಟು ಮುಂಗಡ. ಕೊಡಲಿ ನಮ್ಮದು, ಗರಗಸ ನಮ್ಮದು, ಅರ ನಮ್ಮದು, ಕಾಲು ಮುರಿದರೆ ಆ ಕಾಲೂ ನಮ್ಮದೇ. ಬೆಳಗಾವಿಯಲ್ಲಿ ಆಗ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿದ್ದವು. ಡಿಪೋದ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಕಟ್ಟಿಗೆಯ ಬೆಲೆ ಪ್ರತಿ ಸಲ ಏರುತ್ತಿತ್ತು. ಕಡಿಯುವವನ ದರ ಮಾತ್ರ ಅಲ್ಲಾಡುತ್ತಿರಲಿಲ್ಲ. ಇದು ಯಾವ ನ್ಯಾಯ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಅಪ್ಪನಿಗೆ ಒಂದು ಖಯಾಲಿ ಇತ್ತು. ಮರವನ್ನು ನೆಲಕ್ಕೆ ಹತ್ತಿರ ಕಡಿಯಬೇಕು. ಬೇರೆ ಗ್ಯಾಂಗಿನವರು ನಿಂತುಕೊಂಡು ಸೊಂಟದ ಮಟ್ಟಕ್ಕೆ ಗರಗಸ ಹಾಕುತ್ತಿದ್ದರು. ಬೆನ್ನಿಗೆ ಸುಖ, ಕೆಲಸವೂ ಬೇಗ. ಅಪ್ಪ ಕುಕ್ಕರಗಾಲಲ್ಲಿ ಕೂತು, ಬುಡದ ಮಣ್ಣು ಕೆದರಿ, ಕಲ್ಲು ಸರಿಸಿ, ಗೇಣು ಎತ್ತರಕ್ಕೆ ಗರಗಸ ಇಡುತ್ತಿದ್ದ. ಅವನು ಕಡಿದ ಬೊಡ್ಡೆಯ ಮೇಲೆ ಊಟದ ಮಣೆಯ ಮೇಲೆ ಕೂತ ಹಾಗೆ ಕೂರಬಹುದಿತ್ತು. ಗ್ಯಾಂಗಿನವರು ಗೊಣಗುತ್ತಿದ್ದರು. "ಮುಕಾದಮ ನಮ್ಮನ್ನ ಕಪ್ಪಿ ಮಾಡ್ಯಾನ" ಎಂದು ನಗುತ್ತಿದ್ದರು. ಅಪ್ಪನ ಉತ್ತರ ಒಂದೇ.

"ಮರ ದಪ್ಪ ಇರೂದ ಬುಡದಾಗ. ಅದನ್ನ ಮಣ್ಣಾಗ ಬಿಟ್ಟು ತುದಿ ಒಯ್ದು ಏನ ಮಾಡ್ತೀರಿ? ಕೆಳಗ ಕಡದ್ರ ಬೇರಿನಿಂದ ಚಿಗುರೂ ಛಲೋ ಬರ್ತದ."

ಗ್ಯಾಂಗಿಗೆ ಎರಡು ಪೈಸೆ ಹೆಚ್ಚು ಸಿಗಲಿ ಎಂಬುದೂ ಅದರಲ್ಲಿ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಕಟ್ಟಿಗೆ ಬಿಟ್ಟು ಬರುವುದು ಅವನಿಗೆ ಅನ್ನ ಚೆಲ್ಲಿ ಬಂದ ಹಾಗೆ ಅನಿಸುತ್ತಿತ್ತು.

ಶಿಕ್ಕಾ ಎಂದರೆ ಏನೆಂದು ಹೇಳಬೇಕು. ಕಡಿಯಬಹುದಾದ ಮರಕ್ಕೆ ಮೊದಲು ಗುರುತು ಹಾಕುತ್ತಾರೆ. ಕಚೇರಿಯ ಗಾರ್ಡ್ ಮರದ ತೊಗಟೆಯನ್ನು ಅಂಗೈಯಷ್ಟು ಕೆತ್ತಿ, ಅಕ್ಷರ ಕೊರೆದ ಕಬ್ಬಿಣದ ಸುತ್ತಿಗೆಯಿಂದ ಅಲ್ಲಿ ಬಲವಾಗಿ ಹೊಡೆಯುತ್ತಾನೆ. ಅಕ್ಷರ ಕಟ್ಟಿಗೆಯಲ್ಲಿ ಇಳಿಯುತ್ತದೆ. ಅದೇ ಶಿಕ್ಕಾ. ಎರಡು ಕಡೆ ಹೊಡೆಯಬೇಕು: ಒಂದು ಎದೆಯ ಎತ್ತರಕ್ಕೆ, ಇನ್ನೊಂದು ನೆಲದ ಹತ್ತಿರ, ಬುಡಕ್ಕೆ. ಬುಡದ ಶಿಕ್ಕಾ ಮರ ಹೋದ ಮೇಲೂ ಬೊಡ್ಡೆಯಲ್ಲಿ ಉಳಿಯಬೇಕು. ಬೊಡ್ಡೆಯಲ್ಲಿ ಶಿಕ್ಕಾ ಇದ್ದರೆ ಆ ಮರ ಕಾಯದೆಯ ಪ್ರಕಾರ ಹೋದದ್ದು, ಇಲ್ಲದಿದ್ದರೆ ಕಳವಾದದ್ದು.

ಆ ವರ್ಷದ ಕಡಿತದಲ್ಲಿ ಒಂದು ದೊಡ್ಡ ಮತ್ತಿ ಮರ ಇತ್ತು, ಇಬ್ಬರು ತಬ್ಬಿದರೂ ಕೈ ಕೂಡದಂಥದ್ದು. ಇಳಿಜಾರಿನಲ್ಲಿ, ಬುಡದ ಸುತ್ತ ಮುಳ್ಳಿನ ಪೊದೆ. ಗಾರ್ಡ್ ಹೊಟ್ಟೆಯ ಮನುಷ್ಯ. ಮುಳ್ಳಿನೊಳಗೆ ಯಾರು ಬಗ್ಗಬೇಕು ಎಂದು ಮೇಲಿನ ಮಗ್ಗುಲಲ್ಲಿ ನಿಂತು, ಬುಡದ ಶಿಕ್ಕಾವನ್ನು ಸೊಂಟದ ಮಟ್ಟಕ್ಕೆ ಹೊಡೆದು ಹೋಗಿದ್ದ. ಆ ಮರ ಕಡಿಯುವ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ, ಹಾಗಾಗಿ ಇದು ಯಾರೋ ಹೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು. ಅಪ್ಪನ ಜೊತೆ ಗರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದವರು ನಮ್ಮ ಓಣಿಯ ಒಬ್ಬರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಶಿಕ್ಕಾ ನೋಡಿ ಹೇಳಿದರು:

"ಇದರ ಮ್ಯಾಲೆ ಗರಗಸ ಇಡಬೇಕ ನೋಡಪಾ. ಶಿಕ್ಕಾ ಬೊಡ್ಡ್ಯಾಗ ಉಳೀಬೇಕಲ್ಲ."

ಅಪ್ಪ ಮರದ ಸುತ್ತ ಒಂದು ಸುತ್ತು ಬಂದ. ಸೊಂಟದ ಮಟ್ಟಕ್ಕೆ ಕಡಿದರೆ ಎರಡು ಮೊಳ ಕಟ್ಟಿಗೆ, ಅದೂ ಎಲ್ಲಕ್ಕಿಂತ ದಪ್ಪನೆಯ ಕಟ್ಟಿಗೆ, ಮಣ್ಣಿನ ಪಾಲು. "ಶಿಕ್ಕಾ ದಿಮ್ಮಿ ಮ್ಯಾಲೆ ಇದ್ರ ಏನಾತು? ಅದು ಡಿಪೋಕ್ಕನ ಹೊಕ್ಕೈತಿ. ಅಲ್ಲೇ ಅವರ ಕಣ್ಣ ಮುಂದ ಇರ್ತದ. ಬೊಡ್ಡಿಗಿಂತ ಅದ ಛಲೋ ಸಾಕ್ಷಿ" ಎಂದ. ಮುಳ್ಳು ಸವರಿ, ಎಲ್ಲ ಮರದ ಹಾಗೆ ಇದನ್ನೂ ಗೇಣು ಎತ್ತರಕ್ಕೆ ಕಡಿದ. ಎರಡೂ ಶಿಕ್ಕಾ ದಿಮ್ಮಿಯ ಜೊತೆ ಹೋದವು. ಮೂರು ಜೋಡಿ ಕೋಣ ಕಟ್ಟಿ ಅದನ್ನು ಎಳೆಸಿದರು. ಡಿಪೋದವರು ಅದಕ್ಕೆ ನಂಬರು ಬರೆದರು, ಅಳೆದರು, ಮಾರಿದರು. ಯಾರೂ ಏನೂ ಅನ್ನಲಿಲ್ಲ.

ಬೊಡ್ಡೆ ನೋಡಲು ಸಾಹೇಬ ಬಂದದ್ದು ಬಿಸಿಲು ನೆತ್ತಿ ಸುಡುವ ಕಾಲಕ್ಕೆ. ಹೊಸಬ, ದೂರದ ಊರಿನವ. ಎಲ್ಲ ಬೊಡ್ಡೆಗೂ ಶಿಕ್ಕಾ ಸಿಕ್ಕಿತು, ಆ ಮತ್ತಿ ಮರದ ಬೊಡ್ಡೆಗೆ ಸಿಗಲಿಲ್ಲ. ಅಪ್ಪ ನಡೆದದ್ದನ್ನು ನಡೆದ ಹಾಗೆ ಹೇಳಿದ. ಸಾಹೇಬ ಗಾರ್ಡನ ಕಡೆ ನೋಡಿದ. ಬುಡಕ್ಕೆ ಹೊಡೆಯಬೇಕಾದ ಶಿಕ್ಕಾವನ್ನು ಸೊಂಟಕ್ಕೆ ಹೊಡೆದೆ ಎಂದರೆ ಅವನ ನೌಕರಿಗೆ ಕುತ್ತು. ಅವನು ತಲೆ ಕೆರೆದುಕೊಂಡು, "ನನಗ ನೆಪ್ಪ ಇಲ್ರಿ ಸಾಹೇಬ್ರ. ನಾ ಯಾವಾಗಲೂ ಕೆಳಗ ಹೊಡೀತೀನ್ರಿ" ಎಂದ. ಹೋಳಿ ಹಬ್ಬದ ದಿನ ನಮ್ಮ ಮನೆಯಲ್ಲಿ ಕೂತು ತುಪ್ಪ ಸುರಿಸಿಕೊಂಡು ಹೋಳಿಗೆ ತಿಂದವನು ಅವನು. ಅವತ್ತು ನಾನು ಅಲ್ಲಿದ್ದಿದ್ದರೆ ಅದೇ ಬಾಯಿಗೆ ಮಣ್ಣು ಹಾಕುತ್ತಿದ್ದೆ.

ಕೇಸು ಬರೆದರು. ಕೇಸು ಮುಗಿಯುವ ತನಕ ಇಡೀ ಗ್ಯಾಂಗಿನ ಬಿಲ್ಲು ನಿಲ್ಲಿಸಿದರು. ಹತ್ತು ಮನೆಗಳ ಇಡೀ ಹಂಗಾಮಿನ ದುಡಿತ. ಮಳೆಗೆ ಬಹಳ ದಿನ ಇರಲಿಲ್ಲ. ಹೆಂಚು ಕೈಯಾಡಿಸಬೇಕು, ಬೀಜ ತರಬೇಕು, ಕಾಕಾನ ಮನೆಯಲ್ಲಿ ಸೊಸೆ ದಿನ ತುಂಬಿದವಳು. ಯಾರೂ ಅಪ್ಪನಿಗೆ ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಎರಡು ದಿನ ಅಪ್ಪ ಕಟ್ಟೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನನಗೆ, "ನಡಿ, ಡಿಪೋಕ್ಕ ಹೋಗೂಣು. ದಿಮ್ಮಿ ಹುಡಕೂಣು. ಶಿಕ್ಕಾ ತೋರಿಸಿದ್ರ ಮುಗೀತಲ್ಲ" ಎಂದ.

ಡಿಪೋದಲ್ಲಿ ಆ ದಿಮ್ಮಿ ಇರಲಿಲ್ಲ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಮುದುಕರು. ಪುಸ್ತಕ ತೆಗೆದು ನನ್ನ ಮುಂದೆಯೇ ಇಟ್ಟು, "ನೀನ ನೋಡವಾ, ನನಗ ಕಣ್ಣ ಕಾಣೂದಿಲ್ಲ" ಎಂದರು. ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದವು. ನಮಗೆ ಪುಸ್ತಕ ತೋರಿಸಿದೆ ಎಂದು ನಾಳೆ ಯಾರೂ ತಮ್ಮನ್ನು ಹಿಡಿಯಬಾರದು, ಅಷ್ಟೇ. ದಿಮ್ಮಿಯನ್ನು ಲಿಲಾವಿನಲ್ಲಿ ಹಿಡಿದವರು ಬೆಳಗಾವಿಯ ಹೊರಗೆ, ಪೀರನವಾಡಿಯ ಹತ್ತಿರದ ಒಂದು ಕಟ್ಟಿಗೆ ಮಿಲ್ಲಿನವರು. ಅಷ್ಟು ದಪ್ಪ ದಿಮ್ಮಿ ಬಂದದ್ದು ಅಪರೂಪ ಎಂದು ಜಿದ್ದಿಗೆ ಬಿದ್ದು ಕೂಗಿದರಂತೆ. ಅಪ್ಪ ಉಳಿಸಿದ ಆ ಎರಡು ಮೊಳವೂ ಅದರಲ್ಲಿ ಅಳತೆಯಾಗಿ, ಬೆಲೆಯಾಗಿ, ಕಚೇರಿಯ ಪೆಟ್ಟಿಗೆ ಸೇರಿತ್ತು. ಆ ಸಾಲನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಕದ್ದ ಕಟ್ಟಿಗೆಯನ್ನು ಇವರೇ ಅಳೆದು ಇವರೇ ಮಾರಿದ್ದರು.

ಮರುದಿನ ಬಸ್ಸು ಹಿಡಿದು ಪೀರನವಾಡಿಯಲ್ಲಿ ಇಳಿದೆವು. ಮಿಲ್ಲಿನ ಧಣಿ ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರು. "ಬರ್ರಿ, ಕುಂದರ್ರಿ" ಎಂದು ನೀರು ಕೊಡಿಸಿದರು. ನಮ್ಮ ಮಾತು ಪೂರ್ತಿ ಕೇಳಿ, ಆಮೇಲೆ ತಮ್ಮ ಸಂಕಟ ತೆಗೆದರು. ಲಿಲಾವಿನಲ್ಲಿ ಜೀವ ಹೋಗುವ ಹಾಗೆ ಕೂಗಿ ಕಟ್ಟಿಗೆ ತರಬೇಕು, ತಂದ ಮೇಲೆ ಕರೆಂಟು ಇಲ್ಲ, ಆಳುಗಳು ಬೀಡಿ ಸೇದುತ್ತ ಕೂತ ದಿನಕ್ಕೂ ಪಗಾರ ಕೊಡಬೇಕು, ಕೊಯ್ದು ನೋಡಿದರೆ ದಿಮ್ಮಿ ಒಳಗೆ ಪೊಳ್ಳು. ವರ್ಷದಿಂದ ವರ್ಷಕ್ಕೆ ದಿಮ್ಮಿ ಸಣ್ಣವಾಗುತ್ತಿವೆ, ಇನ್ನು ನಾಲ್ಕು ವರ್ಷ ಹೋದರೆ ಮಿಲ್ಲಿಗೆ ಬೀಗ ಹಾಕುವುದೇ. "ನಿಮಗರ ಕೂಲಿ ಬರ್ತದ, ನಮಗ ಅದೂ ಇಲ್ಲ" ಎಂದರು.

ನನಗೆ ನಾಲಿಗೆ ತಡೆಯಲಿಲ್ಲ. "ಕೂಲಿ ಬಂದಿಲ್ಲಂತನ ನಾವು ಇಲ್ಲಿ ಬಂದೀವ್ರಿ ಧಣಿಯಾರ" ಎಂದೆ. ಅಪ್ಪ ಕಣ್ಣಲ್ಲೇ ಗದರಿಸಿದ. ಆದರೆ ಧಣಿ ಕೋಪ ಮಾಡಿಕೊಳ್ಳಲಿಲ್ಲ. "ಖರೇ ಐತಿ ನಿಂದು" ಎಂದರು. ಆಳನ್ನು ಕರೆದು ಕೇಳಿದರು. ದಿಮ್ಮಿಯನ್ನು ಕೊಯ್ದು ನಾಲ್ಕು ದಿನವಾಗಿತ್ತು.

ದಿಮ್ಮಿ ಕೊಯ್ಯುವಾಗ ಮೊದಲು ತೊಗಟೆಯ ಸಮೇತ ಹೊರಗಿನ ಸೀಳು ತೆಗೆಯುತ್ತಾರೆ. ಅದರಿಂದ ಬಾಗಿಲಾಗುವುದಿಲ್ಲ, ಕಿಟಕಿಯಾಗುವುದಿಲ್ಲ. ಒಲೆಗೆ ಎಂದು ಅಗ್ಗಕ್ಕೆ ಮಾರುತ್ತಾರೆ. ಶಿಕ್ಕಾ ಇರುವುದು ಆ ಸೀಳಿನ ಮೇಲೆ. ಆ ವಾರದ ಸೀಳುಗಳೆಲ್ಲ ಹಿಂದವಾಡಿಯ ಒಂದು ಕಟ್ಟಿಗೆ ಅಡ್ಡೆಗೆ ಹೋಗಿದ್ದವು. ನಾವು ಬಿಸಿಲಲ್ಲಿ ಹಿಂದವಾಡಿಗೆ ನಡೆದೆವು. ಅಡ್ಡೆಯವನ ರಾಶಿಯನ್ನು ಅಪ್ಪ ಒಂದೊಂದೇ ಎತ್ತಿ ನೋಡಿದ. ಮತ್ತಿಯ ತೊಗಟೆ ಮೊಸಳೆಯ ಮೈಯ ಹಾಗೆ ಇರುತ್ತದೆ, ಗುರುತು ಸುಲಭ. ಅಲ್ಲಿ ಇರಲಿಲ್ಲ. "ದಪ್ಪನೂ ಎರಡ ಮೂರ ಇದ್ದೂ. ಒಂದ ಹಿಂದಿನ ಓಣ್ಯಾಗಿನ ಅಕ್ಕಾರು ಗಟಾರಿನ ಮ್ಯಾಲೆ ಹಾಕಾಕ ಒಯ್ದಾರ" ಎಂದು ಅಡ್ಡೆಯವನು ಹೇಳಿದ.

ಹೊಸದಾಗಿ ಕಟ್ಟಿದ ಮನೆ. ಗೇಟಿನ ಮುಂದೆ ಗಟಾರಿನ ಮೇಲೆ ಒಂದು ಸೀಳು ಹಾಕಿದ್ದರು, ತೊಗಟೆ ಕೆಳಗೆ ಮಾಡಿ. ಅಪ್ಪ ಬೀದಿಯಲ್ಲಿ ಅಡ್ಡ ಮಲಗಿ, ಗಟಾರಿನೊಳಗೆ ಕೈ ಹಾಕಿ, ಕೆಳಗಿನ ಮಗ್ಗುಲನ್ನು ಬೆರಳಿನಿಂದ ತಡವಿದ. ಬೆಳಗಾವಿಯ ಮಂದಿ ಸೈಕಲ್ಲು ನಿಲ್ಲಿಸಿ ನೋಡಿದರು. ಕುಡಿದು ಬಿದ್ದಿದ್ದಾನೆ ಎಂದುಕೊಂಡಿರಬೇಕು. ಅವನ ತೋಳು ಮೊಣಕೈಯ ತನಕ ಹೊಲಸಾಗಿತ್ತು. ಒಮ್ಮೆಲೇ ಅವನ ಬೆರಳು ನಿಂತವು. "ಐತಿ" ಎಂದ. ಅಷ್ಟೇ.

ಮನೆಯ ಒಡತಿ ಒಳಗಿನಿಂದ ಬಂದು, "ಏನ ಹುಡಕಾಕತ್ತೀರಿ ಅಜ್ಜಾರ?" ಎಂದು ಕೇಳಿದರು. ಅಪ್ಪನಿಗೆ ಆಗ ಐವತ್ತೂ ಆಗಿರಲಿಲ್ಲ. ನಾನು ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ತಂಬಿಗೆಯ ನೀರನ್ನು ಅಪ್ಪನ ಕೈಗೆ ಹಾಕಿ, "ಒಯ್ರಿ, ಆದ್ರ ನಮ್ಮ ಹುಡುಗರು ಗಟಾರದಾಗ ಬೀಳಬಾರದು ನೋಡ್ರಿ" ಎಂದರು. ಅಪ್ಪ ಪಕ್ಕದ ಖಾಲಿ ಜಾಗದಿಂದ ಒಂದು ಚಪ್ಪಡಿ ಕಲ್ಲು ಎತ್ತಿ ತಂದು, ಅಲ್ಲಾಡದ ಹಾಗೆ ಕೂಡಿಸಿ, ಅದರ ಮೇಲೆ ತಾನೇ ನಿಂತು ನೋಡಿದ. ಆಮೇಲೆ ಸೀಳನ್ನು ತೊಳೆದೆವು. ಶಿಕ್ಕಾದ ಅಕ್ಷರ ಒಂದೂ ಅಳಿಸಿರಲಿಲ್ಲ. ಕೆಳಗೆ ಗರಗಸ ಹಾಯ್ದ ಗೆರೆ, ಅದರಿಂದ ಎರಡು ಮೊಳ ಮೇಲಕ್ಕೆ ಶಿಕ್ಕಾ. ಒಯ್ದು ಬೊಡ್ಡೆಗೆ ಹಚ್ಚಿ ನಿಲ್ಲಿಸಿದರೆ ತೊಗಟೆಗೆ ತೊಗಟೆ ಕೂಡುತ್ತದೆ. ಸೀಳನ್ನು ಬಸ್ಸಿನ ಮೇಲೆ ಹಾಕಿಸಿ, ದಾರಿಯುದ್ದಕ್ಕೂ ಅಪ್ಪ ಅದನ್ನೇ ಹೇಳಿದ. ನಾನು ಅವನನ್ನು ಅಷ್ಟು ಖುಷಿಯಲ್ಲಿ ಕಂಡದ್ದು ಕಡಿಮೆ. ಖಾನಾಪುರದಲ್ಲಿ ಇಳಿದು ನನಗೆ ಭಜಿ ಕೊಡಿಸಿದ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋದೆವು. ಗ್ಯಾಂಗಿನ ಒಂಬತ್ತು ಮಂದಿಯೂ ಬಂದರು. ಅವರು ಹೊರಗೆ ಕಟ್ಟೆಯ ಮೇಲೆ ಕೂತರು, ಅಪ್ಪ ಸೀಳನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದ, ಹಿಂದೆ ನಾನು. ಸಾಹೇಬನ ಮೇಜಿಗೆ ಆನಿಸಿ ನಿಲ್ಲಿಸಿ, "ನೋಡ್ರಿ ಸಾಹೇಬ್ರ, ಶಿಕ್ಕಾ" ಎಂದ.

ಸಾಹೇಬ ನೋಡಿದ. ಬಗ್ಗಿ, ಅಕ್ಷರದ ಮೇಲೆ ಬೆರಳಾಡಿಸಿ ನೋಡಿದ. ಅವನಿಗೆ ಎಲ್ಲ ತಿಳಿಯಿತು. ತಿಳಿಯಲಿಲ್ಲ ಎಂದಿದ್ದರೆ ನಾನು ಅವನನ್ನು ಇಷ್ಟು ವರ್ಷ ಬೈಯುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಗಾರ್ಡನ ಮುಖವನ್ನೂ ನೋಡಿದ. ಆಮೇಲೆ ಕುರ್ಚಿಗೆ ಒರಗಿ ಕೇಳಿದ:

"ಇದನ್ನ ಬೆಳಗಾವಿಯಿಂದ ಇಲ್ಲಿಗೆ ತಂದಿದ್ದೀಯಲ್ಲ, ಸಾಗಾಟದ ಪಾಸು ಎಲ್ಲಿ?"

ಅಪ್ಪನಿಗೆ ಅರ್ಥವಾಗಲಿಲ್ಲ. ಶಿಕ್ಕಾ ಇರುವ ಕಟ್ಟಿಗೆಯನ್ನು ಪಾಸು ಇಲ್ಲದೆ ಒಯ್ದರೆ ಅದು ಇನ್ನೊಂದು ಗುನ್ನೆ ಎಂದು ಸಾಹೇಬನೇ ತಿಳಿಸಿಕೊಟ್ಟ. ಈಗ ಎರಡು ಕೇಸಾದವು. ಕೋರ್ಟಿಗೆ ಹೋದರೆ ಎಷ್ಟು ವರ್ಷವೋ, ಅಲ್ಲಿಯ ತನಕ ಬಿಲ್ಲಿನ ಮಾತೇ ಇಲ್ಲ. "ಅಥವಾ ಒಪ್ಪಿಕೊಂಡು ಬರೆದುಕೊಡು. ಸಣ್ಣ ದಂಡ ಹಾಕಿ ಮುಗಿಸ್ತೀನಿ. ಎಂಟು ದಿನದಲ್ಲಿ ನಿನ್ನ ಜನಕ್ಕೆ ದುಡ್ಡು ಸಿಗುತ್ತೆ" ಎಂದ. ಅಪ್ಪನ ವಯಸ್ಸಿಗಾದರೂ ಬಹುವಚನ ಬೇಡವೇ? ಇವತ್ತಿಗೂ ಆ 'ಕೊಡು' ನನ್ನ ಕಿವಿಯಲ್ಲಿ ಚುಚ್ಚುತ್ತದೆ.

ಅಪ್ಪ ಹೊರಗೆ ಹೋಗಿ ಗ್ಯಾಂಗಿನವರಿಗೆ ಹೇಳಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ನೆಲ ನೋಡಿದರು. ಕೊನೆಗೆ ಕಾಕಾ ಎದ್ದು ನಿಂತು, "ನೀ ಬರದಕೊಡಬ್ಯಾಡ. ಕದ್ದಿಲ್ಲಂದ್ರ ಕದ್ದಿಲ್ಲ. ನಾವು ಕಾಯ್ತೀವಿ" ಎಂದರು.

ಕಾಕಾ ಖರೆಯಾಗಿಯೇ ಹೇಳಿದರು. ಆದರೆ ಅವರ ಸೊಸೆ ಎರಡು ದಿನದ ಹಿಂದೆ ಹೆತ್ತಿದ್ದಳು, ಬಾಣಂತಿಗೆ ತುಪ್ಪ ಕಡ ತಂದಿದ್ದು ನಮ್ಮ ಮನೆಯಿಂದ. ಅಪ್ಪ ಅವರ ಹೆಗಲ ಮೇಲೆ ಕೈ ಇಟ್ಟ, ಒಳಗೆ ಬಂದ. "ಬರಕೋರಿ" ಎಂದ.

ಕಚೇರಿಯ ಗುಮಾಸ್ತ ಕಾಗದ ತೆಗೆದು ನನ್ನ ಕಡೆ ತಳ್ಳಿದ. ನನಗೆ ಬರಹ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆರೋಪಿಯ ಕಡೆಯವರೇ ಬರೆದರೆ ನಾಳೆ ತಕರಾರು ಇರುವುದಿಲ್ಲವಂತೆ. ಅಪ್ಪ ದೂರ ಗೋಡೆಯ ಬಳಿ ನಿಂತಿದ್ದ, ಗುಮಾಸ್ತ ಕಚೇರಿಯ ಕನ್ನಡದಲ್ಲಿ ಮೆಲ್ಲನೆ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಸದರಿ ಮರವನ್ನು ಕಳವು ಮಾಡುವ ಉದ್ದೇಶದಿಂದ, ಬುಡದ ಶಿಕ್ಕಾ ನಾಶವಾಗುವಂತೆ ಕಡಿದದ್ದು ನಿಜ. ಸರಕಾರಿ ಕಟ್ಟಿಗೆಯನ್ನು ಕದ್ದು ಸಾಗಿಸಿದ್ದು ನಿಜ. ಇನ್ನು ಮುಂದೆ ಇಂಥ ಕಳ್ಳತನ ಮಾಡುವುದಿಲ್ಲ. ಶಾಲೆಯಲ್ಲಿ ನನ್ನ ಅಕ್ಷರ ನೋಡಿ ಮಾಸ್ತರರು ಶಾಬಾಸ್ ಎನ್ನುತ್ತಿದ್ದರು. ಆ ಚೆಂದದ ಅಕ್ಷರದಲ್ಲಿ ನನ್ನಪ್ಪ ಕಳ್ಳ ಎಂದು ಮೂರು ಸಲ ಬರೆದೆ. ನಡುವೆ ಒಮ್ಮೆ ಪೆನ್ನು ಕೆಳಗಿಟ್ಟೆ. ಗುಮಾಸ್ತ, "ಲಗೂ ಬರಿ, ಊಟದ ಹೊತ್ತಾತು" ಎಂದ.

ಬರೆದು ಮುಗಿಸಿದ ಮೇಲೆ ಅಪ್ಪ, "ಏನ ಬರದೀ, ಒಮ್ಮೆ ಓದ" ಎಂದ.

ನಾನು ಕಾಗದವನ್ನು ಮುಖಕ್ಕೆ ಹತ್ತಿರ ಹಿಡಿದು ಓದಿದೆ. "ಕಟ್ಟಿಗಿ ಹಾಳಾಗಬಾರದಂತ ಮರಾ ಕೆಳಗ ಕಡದೀನಿ. ಶಿಕ್ಕಾ ದಿಮ್ಮಿ ಕೂಡ ಹೋತು. ನಾ ಕದ್ದಿಲ್ಲ. ಆದ್ರೂ ಕಾಯದೆ ತಪ್ಪೇತಿ, ದಂಡ ಕಟ್ತೀನಿ." ಅಕ್ಷರದ ಮೇಲೆ ಕಣ್ಣಾಡಿಸುತ್ತ, ತಡೆದು ತಡೆದು, ಖರೆಯಾಗಿ ಓದುವವಳ ಹಾಗೆ ಓದಿದೆ. ಗುಮಾಸ್ತ ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ತನ್ನ ಕಡತಕ್ಕೆ ಬಗ್ಗಿದ. ಅಪ್ಪ ಪೂರ್ತಿ ಕೇಳಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ಸೀಳನ್ನು ಪುರಾವೆ ಎಂದು ಅಲ್ಲೇ ಇಟ್ಟುಕೊಂಡರು. ಕಾಗದದ ಒಂದು ನಕಲನ್ನು ನನ್ನ ಕೈಯಿಂದಲೇ ಬರೆಸಿ, ನಮಗೆ ಕೊಟ್ಟರು.

ಎಂಟು ದಿನ ಎಂದಿದ್ದರಲ್ಲ, ಬಿಲ್ಲು ಬಂದದ್ದು ನಾಟಿ ಮುಗಿದು ಗದ್ದೆ ಹಸಿರಾದ ಮೇಲೆ. ಮುಂದಿನ ವರ್ಷ ಅಪ್ಪನಿಗೆ ಮುಕಾದಮಿಕೆ ಕೊಡಲಿಲ್ಲ. ಕಳವು ಒಪ್ಪಿಕೊಂಡವನ ಹೆಸರಿಗೆ ಕೆಲಸ ಕೊಡಲು ಬರುವುದಿಲ್ಲ ಎಂದು ಅದೇ ಸಾಹೇಬ ಕಾಯದೆ ಹೇಳಿದ. ಬೇರೆ ಗ್ಯಾಂಗು ಬಂತು, ನಿಂತುಕೊಂಡು ಸೊಂಟದ ಮಟ್ಟಕ್ಕೆ ಕಡಿದು ಹೋಯಿತು. ಆ ಬೊಡ್ಡೆಗಳು ಎಂಬತ್ತರ ದಶಕದ ತುಂಬ ಕಾಡಿನಲ್ಲಿ ನಿಂತು ಗೆದ್ದಲು ಹಿಡಿದು ಹೋದವು. ಎಲ್ಲದರ ಮೇಲೂ ಶಿಕ್ಕಾ ಇತ್ತು. ಅಷ್ಟು ಹೊತ್ತಿಗೆ ದಿಮ್ಮಿ ಸಾಕಷ್ಟು ಬರುತ್ತಿಲ್ಲ, ಕಟ್ಟಿಗೆ ಧಂದೆ ಮುಳುಗಿತು ಎಂದು ಬೆಳಗಾವಿಯಲ್ಲಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಕೂರಲಿ ಎಂದು ಅನಿಸಿತು ನನಗೆ.

ಅವತ್ತು ಕಚೇರಿಯಿಂದ ಹೊರಟು, ಬಸ್ಸು ಇಳಿದು, ಊರಿನ ದಾರಿಯಲ್ಲಿ ನಡೆಯುತ್ತಿದ್ದೆವು. ಗ್ಯಾಂಗಿನವರು ಮುಂದೆ ಹೋಗಿದ್ದರು. ಅಪ್ಪ ಹೆಬ್ಬೆರಳಿನ ಶಾಯಿಯನ್ನು ಧೋತರದ ಅಂಚಿಗೆ ಉಜ್ಜುತ್ತ ನಡೆಯುತ್ತಿದ್ದ, ಅದು ಹೋಗುತ್ತಿರಲಿಲ್ಲ. ನಾನು ನಕಲಿನ ಕಾಗದವನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದೆ. ಅವನಿಗೆ ನನ್ನ ಓದು ನಂಬಿಕೆಯಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಮನೆ ಕಾಣಿಸಿತು. ಅವ್ವ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗದೆ ಹೇಳಿದ:

"ನಿಮ್ಮವ್ವ ಓದ ಅಂತಾಳ. ಅಲ್ಲಿ ನನ್ನ ಮುಂದ ಹೆಂಗ ಓದಿದ್ಯಲ್ಲ, ಆಕಿ ಮುಂದನೂ ಹಂಗ ಓದ."